ಐದು ನಿಮಿಷಕ್ಕೊಂದು ಸಂದೇಶ

ಫಿಜಿಯ ಸುವಾ ನಗರದ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಅಕ್ಕತಂಗಿಯರಿಬ್ಬರು ಕೂತಿದ್ದರು. ತಂಗಿಯ ಬೆರಳುಗಳು ಜಜ್ಜಿಹೋಗಿದ್ದವು. ಅವಳು ಅಕ್ಕನಿಗೆ ಹೇಳುತ್ತಿದ್ದಳು:

“ಯಾರ ಮೆಸೇಜು ಅಂತ ಸಾಕಿಯೂಸ ಕೇಳ್ದ. ಆಫೀಸಿನ ಈಮೇಲ್ ನಡೆಸೋ ಕಂಪ್ಯೂಟರ್ ಮೇಲೆ ನಿಗಾ ಇಡೋಕೆ ಒಂದು ಪ್ರೋಗ್ರಾಂ ಹಾಕಿದೀನಿ, ಅದರದ್ದು ಅಂದೆ. ನಂಬ್ಲಿಲ್ಲ. ಕಾರಿನ ಬಾಗಿಲಿಗೆ ನನ್ನ ಕೈ ಸಿಕ್ಕಿಸಿ ಮೂರು ಸಲ ಬಾಗಿಲು ಬಡಿದ.”

“ಅಷ್ಟೊಂದು ಮೆಸೇಜು ಯಾಕೆ ಬರುತ್ತೆ, ಮೆರೆಯೋನಿ?”

“ತಪ್ಪು ನಂದೇ, ಅಕ್ಕ. ಕೆಟ್ಟರೆ ಮಾತ್ರ ಹೇಳು ಅಂತ ಇಡಬೇಕಿತ್ತು. ಐದೈದು ನಿಮಿಷಕ್ಕೂ ‘ಎಲ್ಲ ಸರಿಯಿದೆ’ ಅನ್ನೋ ಹಾಗೆ ಇಟ್ಬಿಟ್ಟೆ.”

“ಸಾಕಿಯೂಸನ್ನ ಮದುವೆಯಾದಾಗಿಂದ ನೀನೂ ನಮಗೆ ಅದನ್ನೇ ಹೇಳ್ತಿದೀಯಲ್ಲೇ!”

ನರ್ಸ್ ಬಂದು ತಂಗಿಯ ಕೈ ನೋಡಿ, “ಬಿದ್ರಾ?” ಎಂದಳು.

ತಂಗಿಯ ಮಡಿಲಲ್ಲಿದ್ದ ಒಡೆದ ಫೋನು ಮತ್ತೆ ಸದ್ದು ಮಾಡಿತು.

“ಇಲ್ಲ. ಗಂಡ ಜಜ್ಜಿದ್ದು. ಪೊಲೀಸರನ್ನ ಕರೀರಿ.”

ಅವಳು ಎದ್ದು ಒಳಗೆ ಹೋದಳು. ಅಕ್ಕ ಫೋನನ್ನು ಎತ್ತಿಕೊಂಡು ಹಿಂದೆಯೇ ನಡೆದಳು.