ಅನುಷಾಳ ಗುಟ್ಟಿನ ವರದಿ

ಕಡೂರು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ತಮ್ಮನೊಂದಿಗೆ ಕೂತಿದ್ದಳು. ಗುಪ್ತಚರದವರ ವರದಿಯಿಂದ ಅವಳ ಮಗಳು ಅನುಷಾಳಿಗೆ ಸಿಕ್ಕಿದ್ದ ಸರ್ಕಾರಿ ಕೆಲಸ ತಪ್ಪಿಹೋಗಿತ್ತು.

“ದೇಶ ಕಾಯೋರು ತಿಮ್ಮಕ್ಕ, ನಂಬ್ಬೇಕು,” ಎಂದ ತಮ್ಮ.

“ಕಾಯಿ ವ್ಯಾಪಾರಿ ಅಂತ ವೇಷ ಹಾಕ್ಕೊಂಡು ವಿಚಾರ್ಸೋಕೆ ಬಂದಿದ್ನಲ್ಲೋ ಆ ಗುಪ್ತಚರದವ್ನು, ಅವ್ನಿಗೆ ಎಳನೀರ್ಗೂ ಬಲಿತ ಕಾಯಿಗೂ ವ್ಯತ್ಯಾಸ ಗೊತ್ತಿರ್ಲಿಲ್ಲ. ಅಂಥವ್ನು ನಮ್ಮ ಅನುಷಾನ ಅಳೆದ್ನಾ?”

“ಏನ್ ಬರ್ದವ್ನಂತೆ?”

“ಧರಣಿ ಕೂತಿದ್ಲು ಅಂತ, ಆಫೀಸ್ನೋರು ಬಾಯ್ಮಾತಲ್ಲಿ ಹೇಳಿದ್ರು. ಕೂತಿದ್ದು ಪಕ್ಕದ ಬೀದಿ ಅನುಷಾ ಕಣೋ!”

“ವರದಿ ತೋರ್ಸಿ ಅಂತ ಕೇಳ್ಬೇಕಿತ್ತು.”

“ಕೇಳ್ದೆ. ಗುಟ್ಟಂತೆ, ತೋರ್ಸಲ್ವಂತೆ. ಇಂಥೋರ್ನ ನಂಬ್ಬೇಕಾ?”

ತಮ್ಮ ನನ್ನ ಕಡೆ ನೋಡಿ ದನಿ ತಗ್ಗಿಸಿದ. “ಮೆಲ್ಲಗೆ ಮಾತಾಡಕ್ಕ, ಯಾರಾದ್ರೂ ಕೇಳಿಸ್ಕೊಂಡಾರು.”

“ಕೇಳಿಸ್ಕೊಳ್ಳಲಿ. ಈ ಸಲನಾದ್ರೂ ಸರಿಯಾಗಿ ಬರ್ಕೊಳ್ಳಲಿ,” ಎಂದು ತಿಮ್ಮಕ್ಕ ನನ್ನನ್ನೇ ನೋಡಿ ಗಟ್ಟಿಯಾಗಿ ಹೇಳಿ, ಹಿರೇನಲ್ಲೂರು ಬಸ್ಸಿನತ್ತ ನಡೆದಳು.