ಐದನೇ ಮಹಡಿಯ ಹಗ್ಗ

ಮೊದಲು ಒಂದು ಒಗಟು. ಮೇಲಿಂದ ಇಳಿಯುತ್ತೆ, ಕಾಲಿಲ್ಲ. ಬೀದಿಯಲ್ಲಿ ನಿಂತು ಸೊಪ್ಪು ಕೊಳ್ಳುತ್ತೆ, ಬಾಯಿಲ್ಲ. ಬಾಲ ಎಳೆದರೆ ತಲೆ ಕೂಗುತ್ತೆ. ಏನದು?

ಯೋಚನೆ ಮಾಡಿ... ಬೇಡ ಬಿಡಿ, ನಿಮ್ಮ ಕೈಲಾಗಲ್ಲ. ಯಾಂಗೋನಿನಲ್ಲಿ, ಅದೂ ನಮ್ಮ ಮೂವತ್ತೆಂಟನೇ ಬೀದಿಯಂಥ ಕಡೆ ಹುಟ್ಟದವರಿಗೆ ಹೊಳೆಯೋದಿಲ್ಲ. ಹೊರಗಿಂದ ಬಂದ ವುನ್ನ ಅನ್ನೋ ಅಣ್ಣನಿಗೂ ಹೊಳೆದಿರಲಿಲ್ಲ. ಅದರಿಂದಲೇ ಇಷ್ಟೆಲ್ಲ ಆಯಿತು.

ಉತ್ತರ, ಹಗ್ಗ. ನಮ್ಮ ಕಟ್ಟಡಗಳಿಗೆ ಲಿಫ್ಟ್ ಇಲ್ಲ. ಪ್ರತಿ ಮನೆಯವರೂ ಬಾಲ್ಕನಿಯಿಂದ ಬೀದಿಗೆ ಒಂದೊಂದು ಹಗ್ಗ ಇಳಿಬಿಟ್ಟಿರುತ್ತಾರೆ. ಕೆಳತುದಿಗೆ ಕ್ಲಿಪ್ಪು, ಮೇಲೆ ಕಂಬಿಗೆ ಕಟ್ಟಿದ ಗಂಟೆ. ಪೇಪರಿನವನು ಪೇಪರ್ ಸಿಕ್ಕಿಸಿ ಎಳೆದರೆ ಮೇಲೆ ‘ಟಿಣ್’ ಅನ್ನುತ್ತೆ. ಮನೆಯವರು ಬಂದು ಎಳೆದುಕೊಳ್ಳುತ್ತಾರೆ. ನಾನು ಫೋ ಲೋನ್. ಐದನೇ ಕ್ಲಾಸಿಗೆ ಸ್ಕೂಲು ನನ್ನನ್ನು ಬಿಟ್ಟಿತು. ಬೆಳಿಗ್ಗೆ ಅಮ್ಮನ ಮೊಹಿಂಗಾ ಅಂಗಡಿಯಲ್ಲಿ, ಅಂದರೆ ಮೀನಿನ ಸಾರು ಶಾವಿಗೆ ಮಾರೋ ಕಡೆ, ಬಟ್ಟಲು ತೊಳೆಯುತ್ತೇನೆ. ಮಿಕ್ಕ ಹೊತ್ತು ಊರವರ ಹಗ್ಗ ನೋಡಿಕೊಳ್ಳುತ್ತೇನೆ. ಮೂರನೇ ಮಹಡಿಯ ಮೇಷ್ಟ್ರು ಒಂದು ಸಲ ಪೇಪರ್ ಅಂದುಕೊಂಡು ಸತ್ತ ಹೆಗ್ಗಣ ಎಳೆದುಕೊಂಡಿದ್ದರು. ಯಾರು ಸಿಕ್ಕಿಸಿದ್ದು ಅಂತ ಕೇಳಬೇಡಿ.

ಈಗ ಹೇಳೋದು ಮಾತ್ರ ತಮಾಷೆ ಅಲ್ಲ. ಅಮ್ಮನ ಮೇಲಾಣೆ.

ಹೋದ ಬೇಸಿಗೆ, ನೀರೆರಚೋ ಹಬ್ಬಕ್ಕೆ ಇನ್ನೂ ಹತ್ತು ದಿನ ಇತ್ತು. ವುನ್ನ ಅಣ್ಣ ಪಖೋಕ್ಕು ಕಡೆಯವನು. ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ಇಳಿದಾಗ ಅವನ ಹತ್ತಿರ ಒಂದು ಹೆಗಲ ಚೀಲ, ಒಂದು ಲಕೋಟೆ, ಅರ್ಧ ವಿಳಾಸ ಇತ್ತು. ‘ಮೂವತ್ತೆಂಟನೇ ಬೀದಿ, ಐದನೇ ಮಹಡಿ, ದೋ ತಿನ್ ಯೀ.’ ಕಟ್ಟಡದ ನಂಬರು ಯಾವತ್ತೋ ನೀರು ಬಿದ್ದು ಅಳಿಸಿಹೋಗಿತ್ತಂತೆ.

ದೋ ಅಂದರೆ ಅಮ್ಮಾವ್ರು ಅನ್ನೋ ಹಾಗೆ. ಈ ದೋ ತಿನ್ ಯೀ ಅವನ ಅಜ್ಜಿಯ ತಂಗಿ. ಅಕ್ಕ ತಂಗಿ ಮಾತು ಬಿಟ್ಟು ನಲವತ್ತು ವರ್ಷ. ಅವರ ತಾಯಿ ಮುಖಕ್ಕೆ ಹಚ್ಚೋ ಥನಾಖಾ ತೇಯುತ್ತಿದ್ದ ಕಲ್ಲೊಂದಿತ್ತು. ಅದು ಕಾಣೆಯಾಯಿತು. ನೀನೇ ಕದ್ದಿದ್ದು ಅಂತ ಅಕ್ಕ ತಂಗಿಯನ್ನು ಮನೆಯಿಂದ ಆಚೆ ಹಾಕಿದಳು. ಕಲ್ಲು ಮಾರಿ ಕುಡಿದವನು ತನ್ನ ಗಂಡನೇ ಅಂತ ಗೊತ್ತಾಗುವ ಹೊತ್ತಿಗೆ ಅವನು ಸತ್ತಿದ್ದ. ಈಗ ಅಕ್ಕ ಹಾಸಿಗೆ ಹಿಡಿದಿದ್ದಾಳೆ. ತಪ್ಪಾಯಿತು ಅಂತ ಮೊಮ್ಮಗನ ಕೈಲಿ ಕಾಗದ ಬರೆಸಿ ಕಳಿಸಿದ್ದಾಳೆ.

“ಅವಳ ಬಾಯಿಂದ ಒಂದು ಮಾತು ತಗೊಂಡು ಬಾ ಮಗ. ಬೈದ್ರೂ ಪರವಾಗಿಲ್ಲ. ಬೈಗುಳಾನೇ ತಗೊಂಡು ಬಾ,” ಅಂದಿದ್ದಳಂತೆ.

ಮೊದಲನೇ ದಿನ ಬೀದಿ ಹುಡುಕೋದರಲ್ಲೇ ಹೋಯಿತು. ಸೂಲೇ ಪಗೋಡ ನಾಲ್ಕು ರಸ್ತೆ ನಡುವೆ ಕೂತಿದೆಯಲ್ಲ, ಅದನ್ನು ಸುತ್ತಿ ಸುತ್ತಿ ಮೂರು ಸಲ ಬಂದ ದಾರಿಗೇ ವಾಪಸ್ ಬಂದ. ಹಾರ್ನು, ಪಾರಿವಾಳ, ಕಬ್ಬಿನ ಗಾಣದ ಗೆಜ್ಜೆ, ಎಲೆ ಅಡಿಕೆ ಉಗಿದ ಕೆಂಪು ಕಲೆ. ಎಲ್ಲರೂ ಎಲ್ಲಿಗೋ ಓಡುತ್ತಿದ್ದರಂತೆ, ತನ್ನೊಬ್ಬನನ್ನು ಬಿಟ್ಟು. ಕೊನೆಗೆ ಬೀದಿ ಸಿಕ್ಕಿತು. ಅದು ಮೇಲಿಂದು, ನಡುವಿಂದು, ಕೆಳಗಿಂದು ಅಂತ ಮೂರು ತುಂಡು. ಎರಡನೇ ದಿನ ಮೇಲಿನ ತುಂಡಿನ ಪ್ರತಿ ಕಟ್ಟಡದ ಐದನೇ ಮಹಡಿ ಹತ್ತಿದ, ಇಳಿದ. ಹತ್ತಿದ, ಇಳಿದ.

“ದೋ ತಿನ್ ಯೀ ಇದಾರಾ?”

“ತಿನ್ ಯೀ ಇಲ್ಲ. ತಿನ್ ನೂ ಅನ್ನೋರು ಇದಾರೆ, ನಡಿಯುತ್ತಾ?” ಅಂತ ಒಂದು ಮನೆಯ ಹೆಂಗಸು ಕೇಳಿದಳಂತೆ. ಇನ್ನೊಂದು ಮನೆಯಲ್ಲಿ ನಾಯಿ ಬಿಟ್ಟರು. ರಾತ್ರಿ ವಿಹಾರದ ಛತ್ರದಲ್ಲಿ ಮಲಗಿದರೆ ಸೊಳ್ಳೆ. ಕಣ್ಣು ಮುಚ್ಚಿದರೆ ಮೆಟ್ಟಿಲು. ಮೂರನೇ ದಿನ ನಡುವಿನ ತುಂಡು. ಹೊತ್ತು ಮುಳುಗುವಾಗ ಕಾಲೆಳೆದುಕೊಂಡು ನಮ್ಮ ತುಂಡಿಗೆ ಬಂದ.

ಆ ಕತೆ ಯಾವುದೂ ಆಗ ನನಗೆ ಗೊತ್ತಿರಲಿಲ್ಲ. ನಮ್ಮ ಕಟ್ಟಡದ ಗೋಡೆ ಸೀಳಿಕೊಂಡು ಒಂದು ಆಲದ ಗಿಡ ಬೆಳೆದಿದೆ. ಅದರ ಕೆಳಗೆ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಯಾರೋ ಬಂದು ನಿಂತರು.

“ತಮ್ಮಾ... ಇಲ್ಲಿ ಐದನೇ ಮಹಡೀಲಿ ದೋ ತಿನ್ ಯೀ ಅಂತ...”

ದೋ ತಿನ್ ಯೀಯನ್ನು ಸುಡುಗಾಡಿಗೆ ಕಳಿಸಿ ಆರು ದಿನ ಆಗಿತ್ತು. ಮಾರನೇ ದಿನ ಏಳನೇ ದಿನದ ದಾನ. ಅಲ್ಲೀವರೆಗೂ ಸತ್ತವರು ಮನೆ ಸುತ್ತಲೇ ಇರುತ್ತಾರೆ ಅಂತ ಬಾಗಿಲು ಒಂದು ಗೇಣು ತೆಗೆದಿಟ್ಟಿರುತ್ತೇವೆ. ದೋ ತಿನ್ ಯೀಗೆ ಯಾರೂ ಇರಲಿಲ್ಲ. ನಮ್ಮಮ್ಮನೇ ದಿನಾ ಸಂಜೆ ಮೇಲೆ ಹೋಗಿ ಒಂದು ಲೋಟ ನೀರಿಟ್ಟು ಬರುತ್ತಿದ್ದಳು.

ನನ್ನ ಬಾಯಿ ಇದೆಯಲ್ಲ, ಅದು ನನ್ನನ್ನು ಕೇಳೋದಿಲ್ಲ.

“ಇದಾರಣ್ಣ,” ಅಂದೆ.

“ಇದಾರಾ!”

“ಇದಾರೆ. ಆದ್ರೆ ಹತ್ತಬೇಡ. ಕಿವಿ ಮಂದ, ಬಾಗಿಲು ಬಡಿದ್ರೆ ಕೇಳಲ್ಲ. ಅಗೋ, ಆ ನೀಲಿ ಹಗ್ಗ. ಅದನ್ನ ಎಳಿ.”

“ಹಗ್ಗಾನಾ? ಬಟ್ಟೆ ಒಣಗ್ಹಾಕೋದು ಅಂದ್ಕೊಂಡಿದ್ದೆ.”

“ಅಡ್ಡ ಕಟ್ಟದೆ ಉದ್ದ ಕಟ್ತಾರಾ? ಯಾವೂರಣ್ಣ ನಿಂದು?”

ಅವನು ನಗಲಿಲ್ಲ. ಹತ್ತಬೇಡ ಅಂದಿದ್ದಕ್ಕೇ ಅವನ ಕಣ್ಣಲ್ಲಿ ನೀರು ಬಂದಿತ್ತು. ಲಕೋಟೆ ತೆಗೆದು ಕ್ಲಿಪ್ಪಿಗೆ ಸಿಕ್ಕಿಸಿದ. ಎಳೆದ.

ಟಿಣ್.

ನಾನು ನಗು ತಡೆಯೋಕೆ ತುಟಿ ಕಚ್ಚಿಕೊಂಡೆ. ಅಷ್ಟರಲ್ಲಿ ಕರೆಂಟು ಹೋಯಿತು. ಬೀದಿಯ ಫ್ಯಾನುಗಳೆಲ್ಲ ‘ಗುಂಯ್...’ ಅಂತ ಸೊರಗಿ ನಿಂತವು. ಮೂಲೆ ಅಂಗಡಿಯ ಜನರೇಟರು ಎರಡು ಸಲ ಕೆಮ್ಮಿ, ‘ಡಗ್ ಡಗ್ ಡಗ್’ ಶುರುಮಾಡಿತು.

ಟಿಣ್... ಟಿಣ್.

“ಬರ್ತಾರೆ ಇರು,” ಅಂತ ನಾನು ಪಿಸುಗುಟ್ಟಿದೆ.

ಅವನೂ ಪಿಸುಮಾತಲ್ಲೇ ಹೇಳಿದ, “ನಮ್ಮಜ್ಜಿ ಸಾಯ್ತಾ ಇದಾಳೆ ತಮ್ಮಾ. ಇವರ ತಂಗಿ... ಅಲ್ಲ, ಇವರ ಅಕ್ಕ. ಮಾತೂ ತಡವರಿಸ್ತಿದೆ ನೋಡು ನಂಗೆ. ಇವರು ಒಂದು ಮಾತು ಹೇಳಿದ್ರೆ ಸಾಕು, ತಗೊಂಡು ಹೋಗ್ತೀನಿ.”

ನಾನು ಸ್ಟೂಲ್ ಬಿಟ್ಟು ಎದ್ದೆ. ಅಣ್ಣಾ ಸುಳ್ಳು ಹೇಳಿದೆ ಅನ್ನೋಕೆ ಬಾಯಿ ತೆಗೆದೆ...

ಹಗ್ಗ ಅಲ್ಲಾಡಿತು.

ಮೊದಲು ಬಿಗಿಯಾಯಿತು. ಆಮೇಲೆ ಒಂದು ಗೇಣು ಮೇಲೆ ಹೋಯಿತು. ನಿಂತಿತು. ಇನ್ನೊಂದು ಗೇಣು. ವಯಸ್ಸಾದವರು ಉಸಿರು ತಗೊಳ್ಳೋಕೆ ನಿಂತು ನಿಂತು ಎಳೀತಾರಲ್ಲ, ಹಾಗೆ. ಕ್ಲಿಪ್ಪು ಗೋಡೆಗೆ ತಾಗಿ ‘ಕರ್... ಕರ್...’ ಅಂತಿತ್ತು. ಒಂದನೇ ಮಹಡಿ. ಎರಡು. ಮೂರನೆಯದರಲ್ಲಿ ಲಕೋಟೆ ಆಲದ ರೆಂಬೆಗೆ ಸಿಕ್ಕಿಕೊಂಡಿತು. ಮೇಲಿದ್ದವರು ಹಗ್ಗ ಎರಡು ಸಲ ಪಕ್ಕಕ್ಕೆ ಒದರಿದರು. ಬಿಡಿಸಿಕೊಂಡಿತು. ಅದು ಅಭ್ಯಾಸ ಇದ್ದವರ ಕೈ.

“ನಿಧಾನ, ಪಾಪ,” ಅಂದ ವುನ್ನ ಅಣ್ಣ. ಖುಷಿಯಾಗಿದ್ದ.

ಅಮ್ಮ ನೀರಿಡೋಕೆ ಹೋಗಿದ್ದಾಳೆ, ಅವಳೇ ಎಳೀತಿದ್ದಾಳೆ ಅಂತ ನಾನು ಧೈರ್ಯ ತಂದುಕೊಂಡೆ. ಹಿಂದೆ ಚಪ್ಪಲಿ ಸದ್ದಾಯಿತು. ಚಟ್, ಚಟ್, ಚಟ್.

“ಲೋ ಫೋ ಲೋನ್, ಮೇಣದಬತ್ತಿ ಎಲ್ಲಿಟ್ಟೆ ಮಾರಾಯ? ಮೇಲೆ ನೀರಿಡಕ್ಕೆ ಇನ್ನೂ ಹೋಗಿಲ್ಲ ನಾನು.”

ನಾನು ಮೇಲಕ್ಕೆ ಬೆರಳು ತೋರಿಸಿದೆ. ಅಮ್ಮ ಕತ್ತೆತ್ತಿ ನೋಡಿದಳು. ಬಿಳೀ ಲಕೋಟೆ ಐದನೇ ಮಹಡಿಯ ಕಂಬಿ ದಾಟಿ ಒಳಗೆ ಹೋಯಿತು. ಟಿಣ್. ಒಂದೇ ಸಲ.



“ಯಾರಿವರು?” ಅಂದಳು ಅಮ್ಮ, ಮೆಲ್ಲಗೆ. ವುನ್ನ ಅಣ್ಣ ಎಲ್ಲ ಹೇಳಿದ. ಕಲ್ಲು, ಅಜ್ಜಿ, ಮೂರು ದಿನದ ಮೆಟ್ಟಿಲು, ಎಲ್ಲ. ಅಮ್ಮ ನನ್ನ ಕಡೆ ತಿರುಗಿದಳು.

“ನೀನು ಏನು ಹೇಳ್ದೆ ಇವರಿಗೆ?”

“ಇದಾರೆ ಅಂದೆ.”

ಫಟ್! ಆ ಏಟಿನ ಸದ್ದು ನಾಲ್ಕನೇ ಮಹಡಿಗೂ ಕೇಳಿರಬೇಕು.

“ತಮ್ಮಾ,” ಅಂದಳು ಅವನಿಗೆ, “ದೋ ತಿನ್ ಯೀ ಹೋಗಿ ಆರು ದಿನ ಆಯ್ತು.”

“ಹೋಗಿ... ಎಲ್ಲಿಗೆ?”

ಅಮ್ಮ ಕೈ ಮುಗಿದಳು. ಅವನಿಗೆ ಅರ್ಥವಾಯಿತು. ನಿಧಾನಕ್ಕೆ ಮೇಲೆ ನೋಡಿದ. “ಮತ್ತೆ ಈಗ...” ಅಂದ. ನಾನು ಮೇಣದಬತ್ತಿ ತಂದು ಅಮ್ಮನ ಕೈಲಿಟ್ಟೆ.

ಮೂವರೂ ಹತ್ತಿದೆವು. ಮುಂದೆ ಅಮ್ಮ ಮೇಣದಬತ್ತಿ ಹಿಡಿದು, ನಡುವೆ ನಾನು, ಹಿಂದೆ ವುನ್ನ ಅಣ್ಣ, ಪ್ರತಿ ತಿರುವಿನಲ್ಲೂ ಗೋಡೆಗೆ ಹಣೆ ಕೊಟ್ಟು ನಿಲ್ಲುತ್ತ. ಬಾಗಿಲು ಒಂದು ಗೇಣೇ ತೆಗೆದಿತ್ತು. ಒಳಗೆ ಯಾರೂ ಇಲ್ಲ. ಮಡಿಸಿಟ್ಟ ಚಾಪೆ ಮಡಿಸಿದ ಹಾಗೇ ಇತ್ತು. ಬಾಲ್ಕನಿಯಲ್ಲಿ ಹಗ್ಗವನ್ನು ಸುರುಳಿ ಸುತ್ತಿ ಇಟ್ಟಿದ್ದರು. ಕ್ಲಿಪ್ಪಿನಲ್ಲಿ ಏನೂ ಇಲ್ಲ. ಲಕೋಟೆ ಕೋಣೆಯಲ್ಲೂ ಇಲ್ಲ, ಚಾಪೆ ಕೆಳಗೂ ಇಲ್ಲ. ಅಮ್ಮ ಹಗ್ಗ ಮುಟ್ಟಿದಳು. ಒಂದು ಮಾರುದ್ದ ಒದ್ದೆ. ಬೆರಳು ಮೂಸಿ ನೋಡಿ ಇಲ್ಲಿ ಹೆಂಗಸರೂ ಉಡೋ ಲುಂಗಿಗೆ ಒರೆಸಿಕೊಂಡಳು.

“ನಡೀರಿ ಕೆಳಗೆ,” ಅಂತ ಪಿಸುಗುಟ್ಟಿದಳು. “ಓಡಬೇಡಿ.”

ವುನ್ನ ಅಣ್ಣ ಓಡಲಿಲ್ಲ. ಹೊಸ್ತಿಲ ಮೇಲೆ ಕೂತುಬಿಟ್ಟ. ಚಪ್ಪಲಿ ಬಿಚ್ಚಿದ. ಹಿಮ್ಮಡಿ ತುಂಬ ನೀರುಗುಳ್ಳೆ.

“ಏಳಪ್ಪಾ, ಭಯ ಆಗಲ್ವಾ ನಿಂಗೆ?”

“ಹೆದರಕ್ಕೂ ಶಕ್ತಿ ಇಲ್ಲ ಅಕ್ಕ. ನಾನೀಗ ಅಜ್ಜಿಗೆ ಏನು ಹೇಳ್ಲಿ? ಕಾಗದ ತಗೊಂಡ್ರು, ಮಾತಾಡಲಿಲ್ಲ ಅಂತ ಹೇಳ್ಲಾ?”

ಅವತ್ತು ರಾತ್ರಿ ಅವನು ನಮ್ಮನೆಯಲ್ಲೇ ಮಲಗಿದ. ನಾನು ಅಮ್ಮನ ಕಾಲ ಹತ್ತಿರ ಮಲಗಿದೆ. ನನಗೆ ನಿದ್ದೆ ಬರಲಿಲ್ಲ, ಅವನು ಗೊರಕೆ ಹೊಡೆದ.

ಬೆಳಿಗ್ಗೆ ಐದು ಜನ ಭಿಕ್ಷುಗಳು ಬಂದರು. ಮೇಲೇ ಊಟ. ಕೊನೆಗೆ ಪುಣ್ಯ ಹಂಚೋಕೆ ಯಾರಾದರೂ ಹನಿ ಹನಿಯಾಗಿ ನೀರು ಬಿಡಬೇಕು. ಸಂಬಂಧಿಕರು ಯಾರೂ ಇಲ್ಲ ಅಂತ ಅಮ್ಮ ತಾನೇ ಬಿಡೋಣ ಅಂದುಕೊಂಡಿದ್ದಳು. ಈಗ ಚೊಂಬನ್ನು ವುನ್ನ ಅಣ್ಣನ ಕೈಗೆ ಕೊಟ್ಟಳು. ಅವನು ಚೊಂಬು ಜಾಸ್ತಿ ಬಗ್ಗಿಸಿ ಅರ್ಧ ನೀರು ಚಾಪೆ ಮೇಲೆ ಚೆಲ್ಲಿದ. ಎಲ್ಲರೂ “ಸಾಧು, ಸಾಧು, ಸಾಧು” ಅಂದರು. ಇನ್ನು ಹೊರಡಮ್ಮ ಅಂತ ಅಮ್ಮ ಬಾಗಿಲ ಕಡೆ ನೋಡಿ ಸತ್ತ ಅಜ್ಜಿಗೆ ಹೇಳಿದಳು.

ಅವನೂ ಹೊರಟ. ಅಜ್ಜಿಗೆ ಒಯ್ಯೋ ಮಾತಿಲ್ಲದೆ, ಬರಿಗೈಯಲ್ಲಿ. ಚಾಪೆ ಮಡಿಸೋಕೆ ನಾನು ಮೇಲೇ ಉಳಿದಿದ್ದೆ. ಕಂಬಿಯಿಂದ ಬಗ್ಗಿ ನೋಡಿದರೆ ಅವನು ಒಂದು ಹೆಜ್ಜೆ ಇಡೋದು, ನಿಲ್ಲೋದು, ಇನ್ನೊಂದು ಇಡೋದು. ನನಗೆ ತಡೆಯೋಕಾಗಲಿಲ್ಲ. ಕ್ಯಾಲೆಂಡರಿನ ಹಾಳೆ ಹರಿದು, ಹಿಂದುಗಡೆ ಬರೆದೆ:

‘ಅಕ್ಕಾ, ಕಲ್ಲಿನ ವಿಷಯ ನಾನು ಯಾವತ್ತೋ ಮರೆತೆ. ನೀನೂ ಮರಿ. ಹೊತ್ತಿಗೆ ಸರಿಯಾಗಿ ಊಟ ಮಾಡು.’

ಸಿಕ್ಕಿಸಿ ಇಳಿಬಿಟ್ಟೆ. ಗಂಟೆ ಬಡಿದೆ. ಅವನು ತಿರುಗಿದ. ವಾಪಸ್ ಬಂದು ಓದಿದ. ಮೇಲೆ ನೋಡಿದ. ನಾನು ಕಂಬಿ ಹಿಂದೆ ಕುಕ್ಕರಗಾಲಲ್ಲಿ ಕೂತು ಬೈಗುಳಕ್ಕೆ ಕಾಯುತ್ತಿದ್ದೆ.

ಟಿಣ್.

ಎಳೆದುಕೊಂಡೆ. ನಾನು ಬರೆದಿದ್ದರ ಕೆಳಗೆ ಪೆನ್ನಲ್ಲಿ ಗೀಚಿದ್ದ. ‘ಕೋಳಿ ಕೆದರಿದ ಹಾಗಿದೆ ನಿನ್ನ ಅಕ್ಷರ. ಇರಲಿ. ಅಜ್ಜಿಗೆ ಓದಕ್ಕೆ ಬರಲ್ಲ, ಓದಿ ಹೇಳೋನು ನಾನೇ. ಆದರೆ ಊಟದ ಮಾತು ಬೇಡ. ಅವಳು ಉಣ್ಣೋದು ಬಿಟ್ಟು ವಾರ ಆಯ್ತು. ಬೇರೆ ಏನಾದ್ರೂ ಬರಿ.’

ತುಂಬಾ ಹೊತ್ತು ಯೋಚಿಸಿದೆ. ಸ್ಕೂಲಲ್ಲಿ ಯಾವತ್ತೂ ಅಷ್ಟು ಯೋಚಿಸಿದವನಲ್ಲ. ಊಟದ ಸಾಲು ಹೊಡೆದುಹಾಕಿ ಪಕ್ಕದಲ್ಲಿ ಬರೆದೆ: ‘ಇನ್ನು ಮಲಗು ಅಕ್ಕಾ.’

ಇಳಿಬಿಟ್ಟೆ. ಅವನು ಓದಿದ. ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. ಮೇಲೆ ನೋಡದೆ ಕೈ ಒಂದು ಸಲ ಎತ್ತಿ, ಬಸ್ಸಿನ ಕಡೆ ನಡೆದ.

ಅಂದರೆ, ಆ ಅಕ್ಕ ತಂಗಿಯರ ಜಗಳದ ಕೊನೆ ನಾನು ಕಟ್ಟಿದ್ದು. ಒಪ್ಪಿಕೊಂಡೆ. ದೋ ತಿನ್ ಯೀ ನಿಜವಾಗಿ ಏನು ಹೇಳುತ್ತಿದ್ದಳೋ ನನಗೇನು ಗೊತ್ತು? ಅಲ್ಲಿ ಮುದುಕಿ ನಂಬಿದಳೋ, ಮಲಗಿದಳೋ, ಅದೂ ಗೊತ್ತಿಲ್ಲ. ಆದರೆ ಹಗ್ಗ ಮೇಲೆ ಹೋಗಿದ್ದು ನಾನು ಕಟ್ಟಿದ್ದಲ್ಲ. ಅಮ್ಮ ಕೆಳಗೆ ಮೀನು ಬಿಡಿಸುತ್ತಿದ್ದಾಳೆ, ಹೋಗಿ ಕೇಳಿ. ಆ ಮನೆಗೆ ಈಗ ಟ್ಯಾಕ್ಸಿ ಓಡಿಸೋನು ಬಾಡಿಗೆಗೆ ಬಂದಿದ್ದಾನೆ. ಗೆದ್ದಲು ಹತ್ತಿದೆ ಅಂತ ಮೊನ್ನೆ ನೆಲದ ಹಲಗೆಯನ್ನೆಲ್ಲ ಎಬ್ಬಿಸಿದ, ನಾನೂ ನಿಂತು ನೋಡಿದೆ. ಒಂದು ಹಲ್ಲು ಮುರಿದ ಬಾಚಣಿಗೆ ಸಿಕ್ಕಿತು, ಎರಡು ಗುಂಡಿ ಸಿಕ್ಕವು. ಕಾಗದ ಸಿಗಲಿಲ್ಲ.