ಎರಡನೆಯ ಬೀಗದ ಕೈ

ಅಧ್ಯಕ್ಷತೆ ವಹಿಸಿರುವ ಹಿರಿಯ ಚುನಾವಣಾಧಿಕಾರಿಗಳೇ, ಇದೀಗ ಸನ್ಮಾನಿತರಾದ ನಮ್ಮ ಸಾಹೇಬರೇ, ಮುಂದಿನ ಸಾಲಿನಲ್ಲಿರುವ ಎಲ್ಲ ಪಕ್ಷಗಳ ಏಜೆಂಟರೇ, ಹಿಂದಿನ ಸಾಲಿನಲ್ಲಿ ಕಾಫಿಗೆ ಕಾದಿರುವ ಸಹೋದ್ಯೋಗಿಗಳೇ, ಸಭಿಕರೇ,

ಒಂದೇ ಮೈಕಿನಲ್ಲಿ ಎರಡು ಸಮಾರಂಭ ಮುಗಿಸುವ ನಮ್ಮ ಕಚೇರಿಯ ಜಾಣತನವನ್ನು ಮೆಚ್ಚಲೇಬೇಕು. ಮತಪೆಟ್ಟಿಗೆಗಳನ್ನು ಭದ್ರವಾಗಿ ಕಾಪಾಡಿದ್ದಕ್ಕೆ ಸಾಹೇಬರಿಗೆ ಸನ್ಮಾನ. ಅದೇ ಪೆಟ್ಟಿಗೆಗಳ ಕೋಣೆಯ ಎರಡನೆಯ ಬೀಗದ ಕೈ ಇಟ್ಟುಕೊಂಡಿದ್ದ ನನಗೆ ಬೀಳ್ಕೊಡುಗೆ. ಎಣಿಕೆ ಇರುವುದು ನಾಳೆ. ಪರೀಕ್ಷೆಗೆ ಮೊದಲೇ ಬಹುಮಾನ ಸಿಗುವ ಭಾಗ್ಯ ಎಷ್ಟು ಜನರಿಗುಂಟು ಹೇಳಿ?

ಸಾಹೇಬರ ಭದ್ರತೆ ಎಂಥದು ಗೊತ್ತೇ? ಮತದಾನ ಮುಗಿದು ಪೆಟ್ಟಿಗೆಗಳನ್ನೆಲ್ಲ ಒಳಗಿಟ್ಟೆವು. ಅವರೊಂದು ಬೀಗ, ನಾನೊಂದು ಬೀಗ ಹಾಕಿದೆವು. ಏಜೆಂಟರು ಊಟಕ್ಕೆ ಹೊರಟರು. ಅರಗು ಕರಗಿಸಿ ಬಾಗಿಲಿಗೆ ಸುರಿದು, "ಎಲ್ರೀ ಮುದ್ರೆ?" ಅಂತ ಸಾಹೇಬರು ಕೈ ನೀಡಿದರು. ಮುದ್ರೆ ಒಳಗೆ, ಪೆಟ್ಟಿಗೆಯ ಮೇಲೆ! ಬಾಗಿಲಿಗೆ ಒತ್ತಬೇಕಾದ ಮುದ್ರೆಯನ್ನೇ ಒಳಗಿಟ್ಟು ಬೀಗ ಜಡಿಯುವಷ್ಟು ಭದ್ರತೆ ಬೇರೆ ಯಾವ ಕಚೇರಿಯಲ್ಲಿದೆ?

ಸಾಹೇಬರು ಎದೆಗುಂದಲಿಲ್ಲ. ಬೆರಳಿನ ಉಂಗುರ ತೆಗೆದರು. "ಇದನ್ನೇ ಒತ್ತಿಬಿಡ್ತೀನಿ ಮೇಡಂ, ಅರಗಿಗೇನು ಗೊತ್ತಾಗುತ್ತೆ?" ಅಂದರು. ಅರಗಿಗೆ ಗೊತ್ತಾಗುತ್ತಿರಲಿಲ್ಲ, ನಿಜ. ಆದರೆ ನನಗೆ ಗೊತ್ತಾಗುತ್ತಿತ್ತಲ್ಲ! ಊಟಕ್ಕೆ ಕೂತವರನ್ನೆಲ್ಲ ಎಬ್ಬಿಸಿ ಕರೆಸಿದೆ. ಅವರೆದುರಿಗೇ ಬಾಗಿಲು ತೆಗೆದು, ಮುದ್ರೆ ತಂದು, ಮತ್ತೆ ಬೀಗ ಹಾಕಿದೆವು. ಸಾಹೇಬರ ಮುಖ ಅರಗಿಗಿಂತ ಕೆಂಪಾಗಿತ್ತು.

ಆಮೇಲೆ ನನಗೆ ವರ್ಗಾವಣೆ ಬಂತು. ಸಾರ್ವಜನಿಕ ಹಿತದೃಷ್ಟಿಯಿಂದ. ನಮ್ಮ ಅತ್ತೆ ಹಾಸಿಗೆ ಹಿಡಿದಿದ್ದಾರೆ, ಅವರಿಗೆ ಅನ್ನ ಕಲಸಿ ತಿನ್ನಿಸುವವಳು ನಾನು. ಅವರೂ ಸಾರ್ವಜನಿಕರೇ ಅಂತ ಇಷ್ಟು ದಿನ ತಪ್ಪು ತಿಳಿದಿದ್ದೆ, ಕ್ಷಮಿಸಿ. ನಮ್ಮ ಯಜಮಾನರಂತೂ, "ಒಂದು ಉಂಗುರ ಒತ್ತಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಅಂದು ಮುಖ ತಿರುಗಿಸಿದ್ದಾರೆ. ಅತ್ತೆ ಮಾತ್ರ ನನ್ನ ಕೈ ಹಿಡಿದು, "ಹೋಗಿ ಬಾ ಮಗಳೇ, ನಾನೆಲ್ಲಿಗೆ ಓಡಿ ಹೋಗ್ತೀನಿ?" ಅಂದರು. ನಗಬೇಡಿ. ನನಗೆ ತುಂಬಾ ನೋವಾಗಿದೆ.

ಇರಲಿ. ನನ್ನ ಜಾಗಕ್ಕೆ ಬರುತ್ತಿರುವವರು ಸಾಹೇಬರ ಅಳಿಯಂದಿರು. ಒಂದೇ ಮನೆಯಲ್ಲಿದ್ದಾರೆ, ತುಂಬಾ ಅನುಕೂಲ. "ಬೀಗದ ಕೈ ನಮ್ಮನೇಲಿ ಕೊಟ್ಹೋಗಿ ಮೇಡಂ, ಸಮಾರಂಭದಲ್ಲಿ ಅದೆಲ್ಲ ಯಾಕೆ?" ಅಂತ ಬೆಳಿಗ್ಗೆ ಸಾಹೇಬರು ಹೇಳಿದರು. ಎರಡೂ ಕೈ ಒಂದೇ ಮೊಳೆಗೆ ನೇತುಬಿದ್ದರೆ ಅವಕ್ಕೂ ಬೇಜಾರು ಕಳೆಯುತ್ತದೆ, ಪಾಪ. ಆದರೆ ಬೇರೆ ಬೇರೆ ಇರಲಿ ಅಂತಲೇ ಅಲ್ಲವೇ ಎರಡು ಬೀಗ ಮಾಡಿದ್ದು?

ಸ್ನಾನಕ್ಕೆ ಹೋದಾಗಲೂ ಈ ಬೀಗದ ಕೈ ನನ್ನ ಕೊರಳಲ್ಲೇ ಇತ್ತು. ಅಧ್ಯಕ್ಷರೇ, ದಯವಿಟ್ಟು ಕೈ ಚಾಚಿ. ಏಜೆಂಟರೇ, ಎದ್ದು ನಿಂತು ಸರಿಯಾಗಿ ನೋಡಿ. ಹಿಂದಿನವರು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ದಾರ ಗಂಟಾಗಿದೆ, ಒಂದು ನಿಮಿಷ... ಹಾಂ, ಬಂತು. ಸಾಹೇಬರೇ, ನೀವ್ಯಾಕೆ ಎದ್ದಿರಿ? ಕೂತುಕೊಳ್ಳಿ, ಹಾರ ಜಾರುತ್ತೆ.

ಅಧ್ಯಕ್ಷರೇ, ತೆಗೆದುಕೊಳ್ಳಿ. ಸಾಕ್ಷಿಯಾದ ನಿಮಗೆಲ್ಲರಿಗೂ ವಂದನೆಗಳು. ಇನ್ನು ನಾನು ಬಸ್ಸಿಗೆ ಹೋಗಬಹುದು.

ನಮಸ್ಕಾರ.